ದುಡ್ಡು ಕೇಳದ ವಿದ್ಯಾರ್ಥಿವೇತನದ ಬಗ್ಗೆಯೂ ಎಚ್ಚರವಿರಲಿ

ಸೈಬರ್ ಭದ್ರತೆಯಲ್ಲಿ ಆಸಕ್ತಿಯಿರುವ ಕಾನೂನು ವಿದ್ಯಾರ್ಥಿಗಳಿಗೆಂದು ಖಾಸಗಿ ಸಂಸ್ಥೆಯೊಂದು ವಿದ್ಯಾರ್ಥಿವೇತನ ಪ್ರಕಟಿಸಿತ್ತು. ಅರ್ಜಿ ಶುಲ್ಕವಿಲ್ಲ, ಬ್ಯಾಂಕ್ ವಿವರ ಕೇಳಿಲ್ಲ, ಒಟಿಪಿಯ ಮಾತೇ ಇಲ್ಲ. ನಮ್ಮ ಕಾಲೇಜಿನ ಜಾಲತಾಣದಲ್ಲಿಯೇ ಅದರ ಕೊಂಡಿ ಇತ್ತು. ಒಂದು ಪ್ರಬಂಧ ಕಳುಹಿಸಿದರೆ ಸಾಕು.

ದತ್ತಾಂಶ ಸೋರಿಕೆಯಾದಾಗ ಸಂಸ್ಥೆಗಳ ಹೊಣೆ ಏನು ಎಂಬುದು ವಿಷಯ. ಐರೋಪ್ಯ ಒಕ್ಕೂಟದ ದತ್ತಾಂಶ ರಕ್ಷಣಾ ಕಾನೂನಾದ ಜಿಡಿಪಿಆರ್‌ನ 33ನೇ ವಿಧಿಯ ಪ್ರಕಾರ ಸೋರಿಕೆ ಗೊತ್ತಾದ 72 ಗಂಟೆಯೊಳಗೆ ಮೇಲ್ವಿಚಾರಣಾ ಪ್ರಾಧಿಕಾರಕ್ಕೆ ತಿಳಿಸಬೇಕು. ಆದರೆ ಗೊತ್ತಾಯಿತು ಎನ್ನುವುದು ಯಾವಾಗ? ಅನುಮಾನ ಬಂದಾಗಲೋ, ಖಚಿತವಾದಾಗಲೋ? ಇದನ್ನು ವಿವರಿಸಲು ನಾನು ಕಳುಹಿಸಿದ ಪ್ರಬಂಧದಲ್ಲಿ ಒಂದು ಕಾಲ್ಪನಿಕ ಆಸ್ಪತ್ರೆಯನ್ನು ಸೃಷ್ಟಿಸಿದ್ದೆ. ಶುಕ್ರವಾರ ಸಂಜೆ ಸೋರಿಕೆ ಪತ್ತೆಯಾಗುತ್ತದೆ, ಕಾನೂನು ವಿಭಾಗದವರು ಅಷ್ಟರಲ್ಲಿ ಮನೆಗೆ ಹೋಗಿರುತ್ತಾರೆ, ಸೋಮವಾರ ಸಂಜೆಗೆ ಗಡುವು ಮುಗಿದಿರುತ್ತದೆ.

ಫಲಿತಾಂಶದ ದಿನಾಂಕ ಮೊದಲು ಮುಂದೆ ಹೋಯಿತು, ಆಮೇಲೆ ಪುಟದಿಂದಲೇ ಮಾಯವಾಯಿತು. ಮಿಂಚಂಚೆಗೆ ಉತ್ತರವಿಲ್ಲ. ಕೆಲವು ತಿಂಗಳ ನಂತರ ಅದೇ ಶುಕ್ರವಾರ ಸಂಜೆಯ ಆಸ್ಪತ್ರೆ ಆ ಸಂಸ್ಥೆಯ ಜಾಲತಾಣದಲ್ಲಿ ‘ನಮ್ಮ ತಜ್ಞರ ತಂಡ’ದ ಲೇಖನವಾಗಿ ಕಾಣಿಸಿಕೊಂಡಿತು. ಜೊತೆಗೆ ತರಬೇತಿ ಕೋರ್ಸ್ ಮಾರುವವರ ಕರೆಗಳು ಶುರುವಾದವು.

ಕೇಳಿದಾಗ ಷರತ್ತುಗಳತ್ತ ಬೊಟ್ಟು ಮಾಡಿದರು. ಸಲ್ಲಿಸಿದ ಬರಹದ ಸಕಲ ಹಕ್ಕುಗಳೂ ಸಂಸ್ಥೆಯವು. ಯಾರೂ ಅರ್ಹರಲ್ಲವೆನಿಸಿದರೆ ವೇತನ ಕೊಡಬೇಕಿಲ್ಲ. ಸಂಪರ್ಕ ವಿವರಗಳನ್ನು ‘ಪಾಲುದಾರ’ರಿಗೆ ನೀಡಬಹುದು. ಒಪ್ಪಿಗೆಯ ಚೌಕದಲ್ಲಿ ಅವರೇ ಮೊದಲೇ ಗುರುತು ಹಾಕಿಟ್ಟಿದ್ದರು. ಹೀಗೆ ಮೊದಲೇ ಗುರುತು ಹಾಕಿದ ಚೌಕ ಒಪ್ಪಿಗೆಯಾಗದು ಎಂದು ಐರೋಪ್ಯ ನ್ಯಾಯಾಲಯ ಪ್ಲಾನೆಟ್49 ಪ್ರಕರಣದಲ್ಲಿ 2019ರಲ್ಲಿಯೇ ಹೇಳಿದೆ. ದತ್ತಾಂಶ ರಕ್ಷಣೆಯ ಬಗ್ಗೆ ಪ್ರಬಂಧ ಬರೆಸುವವರ ಅರ್ಜಿಯ ಹಣೆಬರಹ ಇದು!

ಇದರಿಂದ ಅವರಿಗೇನು ಲಾಭ? ಪುಕ್ಕಟೆ ಲೇಖನ, ಮೊಬೈಲ್ ಸಂಖ್ಯೆಗಳು, ಎಲ್ಲಕ್ಕಿಂತ ಮುಖ್ಯವಾಗಿ ಕಾಲೇಜುಗಳ ಕೊಂಡಿ. ಒಂದು ತಾಣಕ್ಕೆ ನಂಬಿಕಸ್ಥ ತಾಣಗಳಿಂದ ಕೊಂಡಿಗಳು ಬಂದಷ್ಟೂ ಸರ್ಚ್ ಎಂಜಿನ್‌ಗಳಲ್ಲಿ ಅದು ಮೇಲೇರುವ ಸಾಧ್ಯತೆ ಹೆಚ್ಚು. ಹಾಗಾಗಿ ಕಾಲೇಜುಗಳಿಂದ ಕೊಂಡಿ ಗಿಟ್ಟಿಸಲೆಂದೇ ಸಣ್ಣ ವಿದ್ಯಾರ್ಥಿವೇತನ ಘೋಷಿಸುವ ಚಾಳಿ ಮಾರುಕಟ್ಟೆ ವಲಯದಲ್ಲಿ ಹಳೆಯದು. ಕಾಲೇಜಿನ ಪಟ್ಟಿಯಲ್ಲಿದೆ ಎಂಬುದನ್ನು ಪ್ರಮಾಣಪತ್ರವೆಂದು ತಿಳಿಯಬೇಡಿ. ಯಾರೋ ಮಿಂಚಂಚೆ ಕಳುಹಿಸಿರುತ್ತಾರೆ, ಯಾರೋ ಸೇರಿಸಿರುತ್ತಾರೆ.

ಕಠಿಣ ಷರತ್ತು ಇದ್ದ ಮಾತ್ರಕ್ಕೆ ಮೋಸವೆಂದಲ್ಲ. ಅಮೆರಿಕ ಸರ್ಕಾರದ ಸೈಬರ್‌ಕೋರ್ ಯೋಜನೆಯಲ್ಲಿ ವಿದ್ಯಾರ್ಥಿವೇತನ ಪಡೆದವರು ಓದಿನ ನಂತರ ಸರ್ಕಾರಿ ವಲಯದಲ್ಲಿ ಕೆಲಸ ಮಾಡಲೇಬೇಕು, ತಪ್ಪಿದರೆ ಪಡೆದ ಹಣ ಸಾಲವಾಗುತ್ತದೆ. ಆದರೆ ಅದನ್ನು ಮೊದಲೇ ಬಾಯಿಬಿಟ್ಟು ಹೇಳುತ್ತಾರೆ. ನೋಡಬೇಕಾದದ್ದು ಹಿಂದಿನ ವರ್ಷ ವೇತನ ಪಡೆದವರು ಯಾರು, ತೀರ್ಪುಗಾರರು ಯಾರು ಎಂಬುದನ್ನು. ಅದೇ ಸಂಸ್ಥೆ ನರ್ಸಿಂಗ್‌ಗೂ ವಾಸ್ತುಶಿಲ್ಪಕ್ಕೂ ಇದೇ ಒಕ್ಕಣೆಯ ವೇತನ ಪ್ರಕಟಿಸಿದ್ದರೆ ದೂರವಿರಿ. ಪ್ರಕಟಿಸಲು ಅನುಮತಿ ಕೇಳುವುದು ಸಹಜ. ಗೆಲ್ಲದವರ ಬರಹದ ಹಕ್ಕನ್ನೂ ಬರೆದುಕೊಡಿ ಎನ್ನುವುದು ಸಹಜವಲ್ಲ.

ಈಗಾಗಲೇ ಕಳುಹಿಸಿದ್ದರೆ ಮೂಲ ಕಡತ ಮತ್ತು ಕಳುಹಿಸಿದ ಮಿಂಚಂಚೆಯನ್ನು ಜೋಪಾನವಾಗಿಡಿ. ಜಿಡಿಪಿಆರ್ ಅನ್ವಯಿಸುವ ಸಂಸ್ಥೆಯಾದರೆ ನಿಮ್ಮ ವಿವರ ಅಳಿಸುವಂತೆ 17ನೇ ವಿಧಿಯಡಿ ಬರೆಯಬಹುದು. ಕಾಲೇಜಿಗೂ ತಿಳಿಸಿ. ನಮ್ಮ ಕಾಲೇಜು ಆ ಕೊಂಡಿಯನ್ನು ತೆಗೆದಿದೆ. ಬೇರೆ ಹಲವು ಕಾಲೇಜುಗಳ ಪಟ್ಟಿಯಲ್ಲಿ ಅದು ಈಗಲೂ ಇದೆ.