ಫೈಬರ್ ದೋಣಿಗೆ ಸ್ಕ್ರೂ ಹೊಡೆಯುವ ಮುಂಚೆ ಇದನ್ನೊಮ್ಮೆ ಓದಿ

ಕರಾವಳಿಯಲ್ಲಿ ಫೈಬರ್ ದೋಣಿ ಇಟ್ಟುಕೊಂಡವರಿಗೆ ಈ ಬರಹ. ನಾನು ಕೊರೆದ ಹನ್ನೊಂದು ಸ್ಕ್ರೂ ತೂತಿನಿಂದ ನಮ್ಮ ದೋಣಿಯ ಹಿಂಬದಿ ಹಲಗೆ, ಅಂದರೆ ಇಂಜಿನ್ ಕೂರುವ ಜಾಗ, ಒಳಗೊಳಗೇ ಕೊಳೆತು ಹೋಯಿತು. ತಪ್ಪು ಪೂರ್ತಿ ನನ್ನದೇ.

2022ರ ದೀಪಾವಳಿ ಕಳೆದ ಮೇಲೆ ನಾನೂ ಭಾವನೂ ಸೇರಿ ಒಂದು ಫಿಶ್ ಫೈಂಡರ್, ಅಂದರೆ ನೀರಿನಡಿಯ ಮೀನನ್ನು ಪರದೆಯಲ್ಲಿ ತೋರಿಸುವ ಯಂತ್ರ, ತಂದೆವು. ಅದರ ಸೆನ್ಸರನ್ನು ಹಿಂಬದಿ ಹಲಗೆಯ ಹೊರಗೆ, ನೀರಿನಲ್ಲಿ ಮುಳುಗಿರುವ ಹಾಗೆ ಕೂರಿಸಬೇಕು. ನಾಲ್ಕು ಸ್ಕ್ರೂ, ಹತ್ತು ನಿಮಿಷದ ಕೆಲಸ. ಹೊಳೆಗಿಳಿಸಿ ವೇಗ ಜಾಸ್ತಿ ಮಾಡಿದರೆ ಪರದೆ ಮೇಲೆ ಬರೀ ಗೀಟು! ಸೆನ್ಸರಿನ ಅಡಿ ಗಾಳಿಗುಳ್ಳೆ ಹೋಗುತ್ತಿತ್ತು. ಸರಿ, ಎರಡು ಇಂಚು ಕೆಳಗೆ ಮತ್ತೆ ನಾಲ್ಕು ತೂತು. ಬಚ್ಚಲುಮನೆಗೆ ಹಚ್ಚಿ ಉಳಿದಿದ್ದ ಸಿಲಿಕೋನ್ ಟ್ಯೂಬ್ ಮನೆಯಲ್ಲಿತ್ತು. ವಿನೆಗರ್ ಥರ ಹುಳಿ ವಾಸನೆ ಬರುತ್ತದಲ್ವಾ, ಅದೇ. ಹಳೇ ತೂತಿಗೂ ಹೊಸ ಸ್ಕ್ರೂ ತಲೆಗೂ ಅದನ್ನೇ ಒತ್ತಿ ಬೆರಳಲ್ಲಿ ಸವರಿದೆ. ವೈರ್ ಹಿಡಿದಿಡಲು ಹಲಗೆಯ ಮೇಲಂಚಿನ ಹತ್ತಿರ ಮೂರು ಕ್ಲಿಪ್ ಹೊಡೆದೆ. ಅವಕ್ಕೆ ಸಿಲಿಕೋನೂ ಇಲ್ಲ. ನೀರಿಗಿಂತ ಎಷ್ಟೋ ಮೇಲಿದೆ, ಏನಾಗುತ್ತದೆ ಅಂತ.

ಫೈಬರ್ ಅಂದರೆ ಪ್ಲಾಸ್ಟಿಕ್ ಬಕೆಟ್ ಇದ್ದ ಹಾಗೆ ಅಂದುಕೊಂಡಿದ್ದೆ. ಆದರೆ ನಮ್ಮ ದೋಣಿಯಲ್ಲಿ, ಇನ್ನೂ ಎಷ್ಟೋ ದೋಣಿಗಳಲ್ಲಿ, ಇಂಜಿನ್ ಕೂರುವಲ್ಲಿ ಎರಡು ಪದರ ಫೈಬರಿನ ನಡುವೆ ಪ್ಲೈವುಡ್ ಇರುತ್ತದೆ. ಇಂಜಿನ್ನಿನ ಭಾರಕ್ಕೆ, ಅದು ತಳ್ಳುವ ಬಲಕ್ಕೆ ಗಟ್ಟಿಯಾಗಿ ನಿಲ್ಲಲು ಆ ಮರ ಬೇಕು. ಹೊರಗಿನ ಫೈಬರ್ ಅದಕ್ಕೆ ರೈನ್‌ಕೋಟ್ ಕೂಡ ಹೌದು. ಆ ರೈನ್‌ಕೋಟಿಗೆ ನಾನು ಹನ್ನೊಂದು ಕಡೆ ಚುಚ್ಚಿದ್ದೆ.

2024ರ ಬೇಸಿಗೆಯಲ್ಲೇ ಲಕ್ಷಣ ಕಂಡಿತ್ತು. ಇಂಜಿನ್ನಿನ ಕ್ಲಾಂಪ್ ಎಷ್ಟು ಬಿಗಿ ಮಾಡಿದರೂ ಮರುದಿನ ಸಡಿಲ. ಒಳಗಿನ ಮರ ಮೆತ್ತಗಾಗಿ ಅಮುಕುತ್ತಿತ್ತು. ನಮಗೆ ಹೊಳೆಯಲಿಲ್ಲ. ಭಾವ, "ಕ್ಲಾಂಪ್ ಹಳತಾಯ್ತು ಮಾರಾಯ" ಅಂದರು. ಜೂನ್ ಮೊದಲ ವಾರ ಇಂಜಿನ್ ಜೋರು ಮಾಡಿದಾಗ ಹಲಗೆ ಬಾಗಿದ್ದು ಕಣ್ಣಿಗೇ ಕಂಡಿತು. ವಾಪಸ್ ದಡಕ್ಕೆ ಬಂದೆವು.

ಫೈಬರ್ ಕೆಲಸದ ಹಿರಿಯರೊಬ್ಬರನ್ನು ಕರೆದೆವು. ಜೇಬಿನಿಂದ ಐದು ರೂಪಾಯಿ ನಾಣ್ಯ ತೆಗೆದು ಹಲಗೆ ತುಂಬ ಕುಟ್ಟುತ್ತಾ ಬಂದರು. ಅಂಚಿನಲ್ಲಿ ಟಣ್ ಟಣ್. ಕ್ಲಿಪ್ಪಿನ ಹತ್ತಿರ ಬಂದಾಗ ದಬ್ ದಬ್. ಸೆನ್ಸರಿನ ಒಂದು ಸ್ಕ್ರೂಗೆ ಕೈ ಹಾಕಿದರು, ಬೆರಳಲ್ಲೇ ತಿರುಗಿ ಬಂತು. ಹಿಂದೆಯೇ ಚಹಾ ಬಣ್ಣದ ನೀರು ತೊಟ್ಟಿಕ್ಕಲು ಶುರು. ನಿಲ್ಲಲೇ ಇಲ್ಲ. ಸ್ಟೇನ್‌ಲೆಸ್ ಸ್ಕ್ರೂನ ತಲೆ ಹೊಸದರ ಹಾಗೆ ಹೊಳೆಯುತ್ತಿದೆ, ಒಳಗಿದ್ದ ಮೈ ತಿಂದುಹೋಗಿ ಸಪೂರವಾಗಿದೆ. ಗಾಳಿಯಾಡದೆ ಒದ್ದೆಯಲ್ಲಿ ಕೂತರೆ ಸ್ಟೇನ್‌ಲೆಸ್ಸೂ ತುಕ್ಕು ಹಿಡಿಯುತ್ತದಂತೆ. "ಎಂತ ಮಾಡಿಟ್ಟಿದ್ದಿ ಮಾರಾಯ ಇದು" ಅಂದರು. ಒಳಗಿನ ಪದರ ಕತ್ತರಿಸಿದಾಗ ಪ್ಲೈವುಡ್ ಕಾಫಿ ಚರಟದ ಹಾಗೆ ಕೈಗೆ ಬಂತು.

ಅತಿ ಹೆಚ್ಚು ಕೊಳೆತದ್ದು ನೀರಿನಡಿಯ ಸೆನ್ಸರಿನ ಹತ್ತಿರ ಅಲ್ಲ, ಮೇಲಿನ ಮೂರು ಕ್ಲಿಪ್ಪಿನ ಕೆಳಗೆ. ಮರಕ್ಕೆ ಉಪ್ಪುನೀರಿಗಿಂತ ಮಳೆನೀರೇ ದೊಡ್ಡ ಶತ್ರು. ಮರ ಕೊಳೆಸುವ ಬೂಷ್ಟಿಗೆ ಸಿಹಿನೀರು ಬೇಕು. ಇಡೀ ಒಂದು ಮಳೆಗಾಲ ಆ ತೂತುಗಳು ನೀರು ಕುಡಿದವು.

ರಿಪೇರಿ ಮಾಡುವಾಗ ಸಿಲಿಕೋನ್ ಇನ್ನೊಂದು ಕಾಟ ಕೊಟ್ಟಿತು. ಎಷ್ಟು ಕೆರೆದರೂ ಅದರ ಜಿಡ್ಡು ಉಳಿಯುತ್ತದೆ, ಆ ಜಿಡ್ಡಿನ ಮೇಲೆ ರೆಸಿನ್, ಅಂದರೆ ಫೈಬರ್ ಹಿಡಿಸುವ ಅಂಟು, ಹಿಡಿಯಲ್ಲ. ತೂತಿನ ಸುತ್ತ ಅಂಗೈಯಗಲ ಗ್ರೈಂಡರ್ ಹೊಡೆಯಬೇಕಾಯಿತು. ಜೂನ್ ಮಳೆ ಬೇರೆ. ಒದ್ದೆಗೂ ರೆಸಿನ್ ಅಂಟಲ್ಲ. ಟಾರ್ಪಾಲ್ ಕಟ್ಟಿ, ಒಳಗೆ ಹ್ಯಾಲೋಜನ್ ದೀಪ ಉರಿಸಿ ಒಣಗಿಸಿದೆವು.

ಈಗ ನಾವು ಮಾಡುವುದು ಹೀಗೆ. 5 ಮಿ.ಮೀ. ಸ್ಕ್ರೂ ಆದರೆ ಮೊದಲು 10 ಮಿ.ಮೀ. ತೂತು ಕೊರೆಯುತ್ತೇವೆ. ಡ್ರಿಲ್ಲನ್ನು ಮೊದಲು ಹಿಮ್ಮುಖ ತಿರುಗಿಸಿದರೆ ಜೆಲ್‌ಕೋಟ್, ಅಂದರೆ ಫೈಬರಿನ ನುಣುಪು ಮೇಲ್ಪದರ, ಚಕ್ಕೆ ಏಳುವುದು ಕಡಿಮೆ. ತೂತು ಒಣಗಿದೆ ಅಂತ ಖಾತ್ರಿಯಾದ ಮೇಲೆ ಮಂದ ಮಾಡುವ ಪುಡಿ ಕಲಸಿದ ಎಪಾಕ್ಸಿ ಅಂಟು ತುಂಬಿ, ಒಂದು ದಿನ ಬಿಟ್ಟು, ಅದರ ನಡುವೆ ಸ್ಕ್ರೂನ ತೂತು ಕೊರೆಯುವುದು. ಈಗ ಸ್ಕ್ರೂ ಹೋಗುವುದು ಎಪಾಕ್ಸಿಯೊಳಗೆ, ಮರ ಮುಟ್ಟುವುದೇ ಇಲ್ಲ. ನೀರು ತಡೆಯಲು ಸ್ಕ್ರೂಗೆ ಹಚ್ಚುವ ಸೀಲೆಂಟ್ ಸೋತರೂ ನೀರಿಗೆ ದಾರಿಯಿಲ್ಲ. ತೂತಿನ ಬಾಯಿಯನ್ನು ಸ್ವಲ್ಪ ಅಗಲ ಮಾಡಿದರೆ ಅಲ್ಲಿ ಸೀಲೆಂಟ್ ಉಂಗುರದ ಹಾಗೆ ಕೂರುತ್ತದೆ. ದೋಣಿಗೆಂದೇ ಮಾರುವ ಪಾಲಿಯುರೆಥೇನ್ ಸೀಲೆಂಟ್ ಬಳಸಿ. ಅದರಲ್ಲೂ ಶಾಶ್ವತವಾಗಿ ಅಂಟುವ ಜಾತಿ ಬೇಡ, ನಾಳೆ ಸೆನ್ಸರ್ ಬಿಚ್ಚುವಾಗ ಜೆಲ್‌ಕೋಟ್ ಕಿತ್ತು ಬರುತ್ತದೆ. ಒಂದೇ ಸಲಕ್ಕೆ ಪೂರ್ತಿ ಬಿಗಿ ಮಾಡಿದರೆ ಸೀಲೆಂಟೆಲ್ಲಾ ಹಿಂಡಿ ಹೊರಗೆ ಬರುತ್ತದೆ, ಜೋಪಾನ.

ಸೆನ್ಸರಿನ ಜಾಗ ಸರಿ ಸಿಗುವವರೆಗೆ ಹಲಗೆಗೆ ನೇರ ಕೊರೆಯಲೇಬೇಡಿ. ಒಂದು ದಪ್ಪ ಫೈಬರ್ ತುಂಡನ್ನು ಎಪಾಕ್ಸಿಯಲ್ಲಿ ಹಲಗೆಗೆ ಅಂಟಿಸಿ, ಆ ತುಂಡಿನ ದಪ್ಪ ದಾಟದಷ್ಟು ಗಿಡ್ಡ ಸ್ಕ್ರೂ ಹಾಕಿ. ಅಲ್ಲಿ ಹತ್ತು ತೂತು ಆದರೂ ಚಿಂತೆಯಿಲ್ಲ.

ರಿಪೇರಿಗೆ ₹38,000 ಆಯಿತು. ನಮಗೆ ಹೆಚ್ಚು ಹೊಟ್ಟೆ ಉರಿದದ್ದು ಅದಕ್ಕಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. 10 ಎಚ್‌ಪಿ ಒಳಗಿನ ಇಂಜಿನ್ನಿನ ನಾಡದೋಣಿಗೆ ಅದು ಇಲ್ಲ, ನಮ್ಮಂಥವರಿಗೆ ನಾಲ್ಕು ಕಾಸು ಆಗುವುದು ಆಗಲೇ. ನಮ್ಮ ದೋಣಿ ಮತ್ತೆ ನೀರಿಗಿಳಿದದ್ದು ಜುಲೈ 26ಕ್ಕೆ. ಡ್ರಿಲ್ ಮಷೀನು ಈಗ ಭಾವನ ಮನೆಯಲ್ಲಿದೆ. ಕೇಳಿದರೆ, "ಎಂತಕ್ಕೆ?" ಅಂತಾರೆ.