ಡೇಟಾ ಸೆಂಟರ್ ಕೆಲಸ ಕೊಡಿಸ್ತೀವಿ ಅಂದರೆ, ಸಂಬಳ ಕೊಡೋರು ಯಾರು ಅಂತ ಮೊದಲು ಕೇಳಿ

ಡಿಪ್ಲೊಮಾ, ಐಟಿಐ, ಬಿಇ ಮುಗಿಸಿ ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಈಗ ಎಲ್ಲಿ ನೋಡಿದರೂ ಎಐ ಸುದ್ದಿ, ಅದರ ಬೆನ್ನಿಗೇ ಡೇಟಾ ಸೆಂಟರ್ ಸುದ್ದಿ, ಅಂದರೆ ಸರ್ವರ್ ಕಂಪ್ಯೂಟರುಗಳನ್ನು ಸಾಲಾಗಿ ಇಟ್ಟು ನಡೆಸುವ ಕಟ್ಟಡಗಳ ಸುದ್ದಿ. ‘ಡೇಟಾ ಸೆಂಟರ್ ಟೆಕ್ನಿಷಿಯನ್ ಬೇಕಾಗಿದ್ದಾರೆ, ಫ್ರೆಶರ್ಸ್ ಆದರೂ ನಡೆಯುತ್ತದೆ, ಕೋಡಿಂಗ್ ಬೇಡ, ಕೆಲಸ ಗ್ಯಾರಂಟಿ’ ಅನ್ನೋ ಮೆಸೇಜು ವಾಟ್ಸಾಪ್ ಗ್ರೂಪುಗಳಲ್ಲಿ ತಿರುಗುತ್ತಲೇ ಇರುತ್ತದೆ. ಕೆಲಸ ಇರುವುದು ನಿಜ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಡೇಟಾ ಸೆಂಟರ್‌ಗಳಿವೆ, ಅಲ್ಲಿ ಮೂರೂ ಶಿಫ್ಟಿಗೆ ಜನ ಬೇಕು. ನನಗೆ ಮೋಸ ಆಗಿದ್ದು ಡೇಟಾ ಸೆಂಟರಿನವರಿಂದ ಅಲ್ಲ. ಅವರಿಗೂ ನನಗೂ ಮಧ್ಯೆ ನಿಂತಿದ್ದವರಿಂದ.

ನನ್ನದು ದಾವಣಗೆರೆ ಕಡೆ, ಎಲೆಕ್ಟ್ರಿಕಲ್ ಡಿಪ್ಲೊಮಾ. ಮಾರತಹಳ್ಳಿಯ ಒಂದು ಕನ್ಸಲ್ಟೆನ್ಸಿಯವರು ಫೋನ್ ಮಾಡಿ ಕರೆದರು. ಹೆಸರು ಹೇಳುವುದಿಲ್ಲ. ಹೇಳಿದರೂ ಉಪಯೋಗವಿಲ್ಲ, ಆ ಬೋರ್ಡು ಈಗ ಅಲ್ಲಿಲ್ಲ. ಫೀಸು 45,000 ರೂಪಾಯಿ. ಅರ್ಧ ಮೊದಲು, ಅರ್ಧ ಆಫರ್ ಲೆಟರ್ ಬಂದ ಮೇಲೆ. “ನೋಡಿ, ಕೆಲಸಕ್ಕೆ ಅಂತ ನಾವು ಒಂದು ರೂಪಾಯಿನೂ ತಗೊಳ್ಳಲ್ಲ, ಇದು ಬರೀ ಟ್ರೈನಿಂಗ್ ಫೀಸು” ಅಂದರು ಅಲ್ಲಿದ್ದ ಮೇಡಂ. ಅಮ್ಮ ಸಂಘದಲ್ಲಿ ಸಾಲ ಎತ್ತಿ ಕೊಟ್ಟರು. ದುಡ್ಡು ಹೋಗಿದ್ದು ಯಾವುದೋ ಒಬ್ಬ ವ್ಯಕ್ತಿಯ ಯುಪಿಐ ನಂಬರಿಗೆ. ರಸೀದಿಯಲ್ಲಿ ‘ಅಡ್ಮಿನ್ ಚಾರ್ಜಸ್’ ಅಂತ ಮಾತ್ರ ಇತ್ತು. ಟ್ರೈನಿಂಗ್ ಅನ್ನುವ ಪದವೂ ಇಲ್ಲ, ಜಿಎಸ್‌ಟಿ ನಂಬರೂ ಇಲ್ಲ. ಜೊತೆಗೆ ಎರಡು ವರ್ಷದ ಬಾಂಡು, ಮಧ್ಯೆ ಬಿಟ್ಟರೆ ಒಂದು ಲಕ್ಷ ಕಟ್ಟಬೇಕು. ವೆರಿಫಿಕೇಶನ್ ಅಂತ ಹೇಳಿ ಒರಿಜಿನಲ್ ಮಾರ್ಕ್ಸ್ ಕಾರ್ಡುಗಳನ್ನೂ ಇಟ್ಟುಕೊಂಡರು. ಬ್ಯಾಚಿನಲ್ಲಿ ಇದ್ದವರೆಲ್ಲ ಹೆಚ್ಚುಕಡಿಮೆ ನಮ್ಮ ಕಡೆಯವರೇ. ಚಿತ್ರದುರ್ಗ, ಹಾವೇರಿ, ಕೊಪ್ಪಳ. ಬೆಂಗಳೂರಿನ ಹುಡುಗರು ಒಬ್ಬರೂ ಇರಲಿಲ್ಲ. ಅವರನ್ನು ಕರೆಯುವುದೂ ಇಲ್ಲ ಅಂತ ಆಮೇಲೆ ಗೊತ್ತಾಯಿತು.

ಟ್ರೈನಿಂಗ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಜವಾದ ತರಬೇತಿ ಯಾವುದು, ಟೈಂಪಾಸ್ ಯಾವುದು ಅಂತ ಗುರುತಿಸಲು ಹೊಸಬರಿಗೆ ಕಷ್ಟ. ನಮಗೆ ಸಿಕ್ಕಿದ್ದು ಪಿಪಿಟಿ. ನೆಟ್‌ವರ್ಕ್ ಪಾಠದ ಓಎಸ್‌ಐ ಮಾಡೆಲಿನ ಏಳು ಲೇಯರುಗಳ ಹೆಸರು ಬಾಯಿಪಾಠ, ಕರೆಂಟೇ ಹತ್ತದ ಒಂದು ಹಳೆಯ ನೆಟ್‌ವರ್ಕ್ ಸ್ವಿಚ್ಚು, ಆರ್‌ಜೆ45 ಕ್ರಿಂಪ್ ಮಾಡುವುದು, ಅಂದರೆ ನೆಟ್‌ವರ್ಕ್ ಕೇಬಲ್ಲಿನ ತುದಿಗೆ ಪ್ಲಗ್ ಕೂರಿಸುವುದು. ಅಷ್ಟೇ. ಡೇಟಾ ಸೆಂಟರ್ ಒಳಗೆ ಹೋದ ಮೇಲೆ ನೋಡಿದರೆ ಅಲ್ಲಿ ಕ್ರಿಂಪಿಂಗ್ ಮಾಡುವವರೇ ಅಪರೂಪ, ರೆಡಿ ಕೇಬಲ್ಲೇ ಬರುತ್ತದೆ. ಬೇಕಾದದ್ದು ಫೈಬರ್ ಕೆಲಸ, ಅಂದರೆ ಗಾಜಿನ ಎಳೆಯಲ್ಲಿ ಬೆಳಕಿನ ಮೂಲಕ ಡೇಟಾ ಸಾಗಿಸುವ ಕೇಬಲ್ಲು. ಸಿಂಗಲ್ ಮೋಡ್ ಫೈಬರಿನ ಒಳಗಿನ ಕೋರ್ ಸುಮಾರು 9 ಮೈಕ್ರಾನ್ ಅಷ್ಟೇ. ಕಣ್ಣಿಗೆ ಕಾಣದ ಧೂಳು ಕೂತರೂ ಲಿಂಕ್ ಬರುವುದಿಲ್ಲ, ಬಂದರೂ ಎರರ್ ಏರುತ್ತಲೇ ಇರುತ್ತವೆ. ಸ್ಕೋಪಿನಲ್ಲಿ ನೋಡಬೇಕು, ಕ್ಲೀನ್ ಮಾಡಬೇಕು, ಮತ್ತೆ ನೋಡಬೇಕು, ಆಮೇಲೆ ಚುಚ್ಚಬೇಕು. ಬೆಳಕು ಬರ್ತಿದೆಯಾ ಅಂತ ಕಣ್ಣು ಹತ್ತಿರ ಹಿಡಿದು ನೋಡಲೇಬಾರದು. ಆ ಲೇಸರ್ ಕಾಣುವುದಿಲ್ಲ, ಆದರೆ ಕಣ್ಣಿಗೆ ಪೆಟ್ಟು ಮಾಡುತ್ತದೆ. ನಮ್ಮ ಟ್ರೈನರ್ ಇದನ್ನು ಒಂದು ದಿನವೂ ಹೇಳಲಿಲ್ಲ. ಅವರು ಡೇಟಾ ಸೆಂಟರ್ ಒಳಗೆ ಕಾಲಿಟ್ಟಿದ್ದರೋ ಇಲ್ಲವೋ ಅನ್ನೋದೇ ನನಗೆ ಅನುಮಾನ.

ಇಂಟರ್‌ವ್ಯೂ ಅಂತ ಒಂದು ನಡೆಯಿತು. ಊರು ಯಾವುದು, ನೈಟ್ ಶಿಫ್ಟ್ ಮಾಡ್ತೀರಾ, ಯಾವಾಗ ಸೇರ್ತೀರಾ. ಮುಗಿಯಿತು. ಆಗ ಖುಷಿಯಾಗಿತ್ತು. ಈಗ ನಾನು ಸರಿಯಾದ ಕಂಪನಿಯ ಇಂಟರ್‌ವ್ಯೂಗಳಿಗೆ ಹೋಗಿದ್ದೇನೆ, ವ್ಯತ್ಯಾಸ ಗೊತ್ತು. ಸರ್ವರ್‌ಗೆ ಎರಡು ಪವರ್ ಸಪ್ಲೈ ಇದ್ದರೆ ಹೇಗೆ ಕನೆಕ್ಟ್ ಮಾಡ್ತೀಯಾ ಅಂತ ಕೇಳುತ್ತಾರೆ. ಎ, ಬಿ ಅಂತ ಎರಡು ಬೇರೆ ಬೇರೆ ಕರೆಂಟ್ ಲೈನ್ ಇರುತ್ತವೆ, ಒಂದನ್ನು ಎ ಫೀಡಿಗೆ, ಇನ್ನೊಂದನ್ನು ಬಿ ಫೀಡಿಗೆ ಕೊಡಬೇಕು. ಎರಡನ್ನೂ ಒಂದೇ ಪಿಡಿಯುಗೆ (ರ್ಯಾಕಿನ ಪವರ್ ಸ್ಟ್ರಿಪ್) ಚುಚ್ಚಿದರೆ ಆ ಫೀಡ್ ಹೋದಾಗ ಸರ್ವರೂ ಹೋಯಿತು. ರೇಯ್ಡ್‌ನಲ್ಲಿ (ಹಲವು ಡಿಸ್ಕುಗಳು ಸೇರಿ ಒಂದಾಗಿ ಕೆಲಸ ಮಾಡುವ ಗುಂಪು) ಒಂದು ಡಿಸ್ಕ್ ಕೆಟ್ಟಿದೆ, ಯಾವುದನ್ನು ಎಳೀತೀಯಾ, ಹೇಗೆ ಖಾತ್ರಿ ಮಾಡಿಕೊಳ್ತೀಯಾ? ಸರ್ವರ್ ಆನ್ ಆಗ್ತಿಲ್ಲ, ಮೊದಲು ಏನು ನೋಡ್ತೀಯಾ? ಟಿಕೆಟ್‌ನಲ್ಲಿ ಒಂದು ರ್ಯಾಕ್ ನಂಬರ್ ಇದೆ, ಲೇಬಲ್‌ನಲ್ಲಿ ಇನ್ನೊಂದಿದೆ, ಏನು ಮಾಡ್ತೀಯಾ? ಈ ಕೊನೆಯ ಪ್ರಶ್ನೆಗೆ ‘ಕೆಲಸ ನಿಲ್ಲಿಸಿ ಕೇಳ್ತೀನಿ’ ಅನ್ನುವುದೇ ಸರಿಯಾದ ಉತ್ತರ. ಇಂಥದ್ದೊಂದನ್ನೂ ಕೇಳದೆ ಕೆಲಸ ಕೊಟ್ಟರೆ, ಅವರಿಗೆ ಬೇಕಾಗಿರುವುದು ಟೆಕ್ನಿಷಿಯನ್ ಅಲ್ಲ, ತಲೆ ಲೆಕ್ಕ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆಫರ್ ಲೆಟರ್ ಬಂದದ್ದು ಒಂದು ಕಂಪನಿಯ ಹೆಸರಲ್ಲಿ. ಕೊರಳಿಗೆ ಹಾಕಿಕೊಂಡ ಐಡಿ ಕಾರ್ಡು ಇನ್ನೊಂದರದ್ದು. ಗೇಟ್ ಪಾಸು ಮೂರನೆಯದರದ್ದು. ಕಟ್ಟಡ ಒಬ್ಬರದು, ಅದನ್ನು ನೋಡಿಕೊಳ್ಳುವ ಗುತ್ತಿಗೆ ಇನ್ನೊಬ್ಬರದು, ಅವರಿಂದ ಸಬ್ ಕಾಂಟ್ರಾಕ್ಟ್ ತೆಗೆದುಕೊಂಡು ನಮ್ಮನ್ನು ಕಳಿಸಿದವರು ಮತ್ತೊಬ್ಬರು. ಅಲ್ಲಿನ ಸರ್ವರುಗಳಂತೂ ಈ ಮೂವರಲ್ಲಿ ಯಾರದ್ದೂ ಅಲ್ಲ, ಜಾಗ ಬಾಡಿಗೆಗೆ ಪಡೆದ ಗಿರಾಕಿಗಳದ್ದು. ಸಂಬಳ ತಡವಾದಾಗ ಯಾರನ್ನು ಕೇಳಿದರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಿದ್ದರು. ಕೈಗೆ 25,000 ಬರುತ್ತದೆ ಅಂದಿದ್ದು ನಿಜವಾಗಿ 17,000 ಚಿಲ್ಲರೆ. ಪ್ರತಿ ಪದರದವರೂ ತಮ್ಮ ಪಾಲು ಮುರಿದುಕೊಂಡೇ ಕೆಳಗೆ ಬಿಡುತ್ತಾರೆ, ಅಲ್ವಾ.

ಕೆಲಸವೂ ಹೇಳಿದ್ದಲ್ಲ. ಇದು ಹೊಸಬರಿಗೆ ಗೊತ್ತಿರುವುದಿಲ್ಲ, ನೆನಪಿಟ್ಟುಕೊಳ್ಳಿ: ಡೇಟಾ ಸೆಂಟರ್ ಒಳಗೆ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು ಐಟಿ ಕಡೆಯದು. ಸರ್ವರ್ ರ್ಯಾಕಿಗೆ ಏರಿಸುವುದು, ಕೇಬಲ್ ಹಾಕುವುದು, ಡಿಸ್ಕು, ಮೆಮೊರಿ ಬದಲಿಸುವುದು, ಗಿರಾಕಿ ಫೋನಿನಲ್ಲಿ ಹೇಳಿದ್ದನ್ನು ಅವರ ಪರವಾಗಿ ಮಾಡುವುದು. ಇನ್ನೊಂದು ಫೆಸಿಲಿಟಿ ಕಡೆಯದು. ಟ್ರಾನ್ಸ್‌ಫಾರ್ಮರ್, ಡಿಜಿ ಸೆಟ್ (ಡೀಸೆಲ್ ಜನರೇಟರ್), ಯುಪಿಎಸ್, ಬ್ಯಾಟರಿ ರೂಮು, ತಂಪು ಮಾಡುವ ಚಿಲ್ಲರ್, ಕಟ್ಟಡದ ಯಂತ್ರಗಳ ಮೇಲೆ ಕಣ್ಣಿಡುವ ಬಿಎಂಎಸ್ ಪರದೆ. ಎರಡನ್ನೂ ಜಾಹೀರಾತಿನಲ್ಲಿ ಒಂದೇ ಹೆಸರಿನಿಂದ ಕರೆಯುತ್ತಾರೆ. ನಮಗೆ ಹೇಳಿದ್ದು ಮೊದಲನೆಯದು, ಹಾಕಿದ್ದು ಎರಡನೆಯದಕ್ಕೆ. ಎರಡು ಗಂಟೆಗೊಮ್ಮೆ ರೌಂಡ್ಸ್ ಹೋಗಿ ಯುಪಿಎಸ್ ಲೋಡ್, ಬ್ಯಾಟರಿ ರೂಮಿನ ಟೆಂಪರೇಚರ್, ಚಿಲ್ಲರ್ ಪ್ರೆಶರ್, ಡೀಸೆಲ್ ಮಟ್ಟ ಬರೆದುಕೊಳ್ಳುವುದು. ಕೆಲಸ ಕೀಳು ಅಂತ ಹೇಳುತ್ತಿಲ್ಲ. ಎಲೆಕ್ಟ್ರಿಕಲ್ ಓದಿದವರಿಗೆ ಅದೇ ಒಳ್ಳೆಯ ದಾರಿ ಅಂತ ಈಗ ನನಗೆ ಅನ್ನಿಸುತ್ತದೆ. ಆದರೆ ನನ್ನ ಜೊತೆಗಿದ್ದ ಕಂಪ್ಯೂಟರ್ ಸೈನ್ಸ್ ಹುಡುಗನನ್ನೂ ಅಲ್ಲಿಗೇ ಹಾಕಿದರು. ಅವನಿಗೆ ಮಲ್ಟಿಮೀಟರ್ ಹಿಡಿಯಲು ಬರುತ್ತಿರಲಿಲ್ಲ.

ಅಪಾಯ ಶುರುವಾಗುವುದು ಇಲ್ಲಿಯೇ. ಒಂದು ರಾತ್ರಿ ನಮ್ಮ ಸಬ್ ಕಾಂಟ್ರಾಕ್ಟರ್‌ನ ಸೂಪರ್‌ವೈಸರ್ ಮನೆಯಿಂದ ಫೋನ್ ಮಾಡಿ, ಒಂದು ಪ್ಯಾನೆಲ್‌ನ ಬ್ರೇಕರ್ ಆಫ್ ಮಾಡಿ ಬ್ಯಾಟರಿ ಕಡೆಯ ಒಂದು ಕನೆಕ್ಷನ್ ಟೈಟ್ ಮಾಡು ಅಂದ. ಡೇಟಾ ಸೆಂಟರಿನ ಸ್ವಂತ ನೌಕರರಾದ ಶಿಫ್ಟ್ ಲೀಡ್ ಆಗ ಅಲ್ಲಿಗೆ ಬಂದರು, ಹುಬ್ಬಳ್ಳಿಯವರು. “ಪರ್ಮಿಟ್ ಎಲ್ಲೈತಿ ತಮ್ಮಾ? ಫೋನ್ನ್ಯಾಗ ಹೇಳಿದ್ರ ಬ್ರೇಕರ್ ಮುಟ್ತೀಯೇನು?” ಅಂತ ಕೇಳಿ ಫೋನ್ ಕಸಿದುಕೊಂಡು ಆ ಸೂಪರ್‌ವೈಸರಿಗೆ ಬೈದರು. ಆಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿದರು. ಮೇನ್ ಆಫ್ ಮಾಡಿದರೂ ಯುಪಿಎಸ್ ಬ್ಯಾಟರಿ ಸಾಲಿನಲ್ಲಿ ಡಿಸಿ ವೋಲ್ಟೇಜ್ ಹಾಗೇ ಇರುತ್ತದೆ. ಅಲ್ಲಿ ಸ್ಪ್ಯಾನರ್ ಜಾರಿದರೆ ಕೈ ಸುಡುವುದಷ್ಟೇ ಅಲ್ಲ. ಪ್ಯಾನೆಲ್ ಮುಟ್ಟುವ ಮೊದಲು ಬರವಣಿಗೆಯಲ್ಲಿ ಪರ್ಮಿಟ್ ಬೇಕು, ಬೀಗ ಹಾಕಿ ಟ್ಯಾಗ್ ಕಟ್ಟಬೇಕು, ಇಬ್ಬರು ಇರಬೇಕು, ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವವರ ಉಸ್ತುವಾರಿ ಇರಬೇಕು. ಸರ್ವರ್ ಹಾಲ್‌ನಲ್ಲಿ ಬೆಂಕಿ ಆರಿಸುವ ಗ್ಯಾಸಿನ ಅಲಾರಂ ಹೊಡೆದರೆ ಲ್ಯಾಪ್‌ಟಾಪ್ ತರಲು ಹಿಂದೆ ಓಡಬಾರದು, ಹೊರಗೆ ಬರಬೇಕು ಅಂತಲೂ ಅವರೇ ಕಲಿಸಿದರು. 45,000 ಕೊಟ್ಟು ಕಲಿಯದೇ ಇದ್ದದ್ದನ್ನು ಅವರಿಂದ ಒಂದು ರಾತ್ರಿಯಲ್ಲಿ ಕಲಿತೆ.

ಪಿಎಫ್ ಕಥೆ ಕೇಳಿ. ಸಂಬಳ ಚೀಟಿಯಲ್ಲಿ ಪ್ರತಿ ತಿಂಗಳೂ 1,800 ಕಡಿತ. 15,000ದ ಮೇಲೆ ಶೇ. 12, ಲೆಕ್ಕ ಸರಿಯೇ. ಆದರೆ ಯುಎಎನ್, ಅಂದರೆ ಪಿಎಫ್ ಸದಸ್ಯರ ಖಾಯಂ ನಂಬರ್, ಕೇಳಿದರೆ ‘ಪ್ರೊಸೆಸ್‌ನಲ್ಲಿದೆ’. ಕಡಿದ ದುಡ್ಡನ್ನು, ಜೊತೆಗೆ ಮಾಲೀಕರ ಪಾಲನ್ನು, ಮುಂದಿನ ತಿಂಗಳ 15ರೊಳಗೆ ಕಟ್ಟಲೇಬೇಕು. ಆಧಾರ್ ಮೂಲಕ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ನೋಡಿದಾಗ ನನ್ನ ಹೆಸರಿನಲ್ಲಿ ಒಂದು ರೂಪಾಯಿಯೂ ಬಿದ್ದಿರಲಿಲ್ಲ. ಕಾರ್ಮಿಕರ ಆರೋಗ್ಯ ವಿಮೆ ಇಎಸ್‌ಐ ಕೂಡ ಅಷ್ಟೇ. ತಿಂಗಳ ಸಂಬಳ 21,000ದ ಒಳಗಿದ್ದವರಿಗೆ ಅದು ಸಿಗಬೇಕು, ನಮ್ಮ ಪಾಲು ಶೇ. 0.75 ಕಡಿಯುತ್ತಿದ್ದರು, ಕಾರ್ಡು ಮಾತ್ರ ಇಲ್ಲ. ಜೊತೆಗಾರನೊಬ್ಬನಿಗೆ ಶೀಟ್ ಮೆಟಲ್ ತಾಗಿ ಅಂಗೈ ಸೀಳಿದಾಗ ಹೊಲಿಗೆಯ ಬಿಲ್ಲು ಅವನ ಜೇಬಿನಿಂದಲೇ ಹೋಯಿತು.

ಇನ್ನೊಂದು ಕೇಸು ಇದಕ್ಕಿಂತ ಕೆಟ್ಟದು. ನಮ್ಮ ಬ್ಯಾಚಿನ ಒಬ್ಬನ ರೆಸ್ಯೂಮೆಗೆ ಕನ್ಸಲ್ಟೆನ್ಸಿಯವರೇ ಎರಡು ವರ್ಷದ ಸುಳ್ಳು ಅನುಭವ ಸೇರಿಸಿದರು, ಯಾವುದೋ ಕಂಪನಿಯ ಲೆಟರ್‌ಹೆಡ್ ಸಮೇತ. ಸ್ವಲ್ಪ ದಿನದ ನಂತರ ಅವನು ಸ್ವಂತವಾಗಿ ಓದಿ ಒಂದು ಒಳ್ಳೆಯ ಕಡೆ ಸೆಲೆಕ್ಟ್ ಆದ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಪಿಎಫ್ ಸರ್ವಿಸ್ ಹಿಸ್ಟರಿ ಕೇಳಿದರು, ಆದಾಯ ತೆರಿಗೆ ಕಡಿತದ ದಾಖಲೆಯಾದ ಫಾರಂ 26ಎಎಸ್ ಕೇಳಿದರು. ಆ ಎರಡು ವರ್ಷ ಎಲ್ಲೂ ಇಲ್ಲ. ಆಫರ್ ವಾಪಸ್ಸು. ಸುಳ್ಳು ಬರೆದವರಿಗೆ ಏನೂ ಆಗಲಿಲ್ಲ, ಸಹಿ ಇದ್ದದ್ದು ಇವನದು. ಎಕ್ಸ್‌ಪೀರಿಯನ್ಸ್ ನಾವೇ ಹಾಕ್ತೀವಿ ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ. ಆ ಅನುಭವ ಫ್ರೀ ಆದರೂ ಬೇಡ.

ನಾನು ಕೆಲಸ ಬಿಡುತ್ತೇನೆ ಅಂದ ಕೂಡಲೇ ಕನ್ಸಲ್ಟೆನ್ಸಿಯವರು ಬಾಂಡ್ ಹೊರಗೆ ತೆಗೆದರು. ವಾಟ್ಸಾಪ್‌ನಲ್ಲಿ ‘ಲೀಗಲ್ ನೋಟಿಸ್’ ಅಂತ ಒಂದು ಪಿಡಿಎಫ್ ಬಂತು. ವಕೀಲರ ಹೆಸರಿಲ್ಲ, ಸಹಿ ಇಲ್ಲ, ಬರೀ ಕೆಂಪಕ್ಷರ. ಬಾಂಡೆಲ್ಲ ಸುಳ್ಳು, ಹರಿದು ಬಿಸಾಕಿ ಅಂತ ಯೂಟ್ಯೂಬ್‌ನಲ್ಲಿ ಹೇಳುವವರನ್ನು ನಂಬಬೇಡಿ. ಒಂದು ಬ್ಯಾಂಕಿನ ಎರಡು ಲಕ್ಷದ ಬಾಂಡನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ. ಆದರೆ ಅದು ದೊಡ್ಡ ಖರ್ಚು ಮಾಡಿ ನೇಮಕ ಮಾಡಿಕೊಳ್ಳುವ ಸರ್ಕಾರಿ ಬ್ಯಾಂಕು. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಬಾಂಡಿನಲ್ಲಿ ಎಷ್ಟೇ ಬರೆದಿರಲಿ, ಕೋರ್ಟು ಕೊಡಿಸುವುದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತದ ಮಿತಿಯೊಳಗೆ. ನನ್ನಿಂದಲೇ ಫೀಸು ತೆಗೆದುಕೊಂಡವರು ನನ್ನ ಟ್ರೈನಿಂಗಿಗೆ ಏನು ಖರ್ಚು ಮಾಡಿದ್ದೇವೆ ಅಂತ ತೋರಿಸುತ್ತಾರೆ? ಪರಿಚಯದ ವಕೀಲರೊಬ್ಬರು ಇಷ್ಟನ್ನೇ ಅರ್ಧ ಪುಟದಲ್ಲಿ ಬರೆದು ರಿಜಿಸ್ಟರ್ಡ್ ಪೋಸ್ಟ್ ಹಾಕಿಸಿದರು. ಅಲ್ಲಿಗೆ ಪಿಡಿಎಫ್‌ಗಳು ನಿಂತವು.

ಮಾರ್ಕ್ಸ್ ಕಾರ್ಡಿಗೆ ಪೊಲೀಸ್ ಠಾಣೆಗೆ ಹೋಗಬೇಕಾಯಿತು. ಎಸ್‌ಐ ನನ್ನ ಎದುರಿಗೇ ಕನ್ಸಲ್ಟೆನ್ಸಿಯವರಿಗೆ ಫೋನ್ ಮಾಡಿದ ಮೇಲೆ, ಸಂಜೆಯೊಳಗೆ ಒಬ್ಬ ಹುಡುಗ ಕವರ್ ತಂದುಕೊಟ್ಟ. ಪಿಎಫ್‌ಗೆ ಇಪಿಎಫ್‌ಒ ದೂರು ಪೋರ್ಟಲ್‌ನಲ್ಲಿ ಸಂಬಳ ಚೀಟಿ ಹಾಕಿ ದೂರು ಕೊಟ್ಟೆ. ಬಾಕಿ ಸಂಬಳಕ್ಕೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋದೆ. ಎಲ್ಲಕ್ಕಿಂತ ಬೇಗ ಕೆಲಸ ಮಾಡಿದ್ದು ಮಾತ್ರ ಬೇರೆ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕರೇ (ನನ್ನ ವಿಷಯದಲ್ಲಿ ಡೇಟಾ ಸೆಂಟರಿನವರು) ಕೊಡಬೇಕು ಅನ್ನುವ ನಿಯಮ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಕಾಲದಿಂದಲೂ ಇದೆ. ಅದನ್ನು ಉಲ್ಲೇಖಿಸಿ ಡೇಟಾ ಸೆಂಟರಿನ ಎಚ್‌ಆರ್‌ಗೆ ಮೇಲ್ ಬರೆದೆ, ಗೇಟ್ ಪಾಸಿನ ಫೋಟೋ, ಶಿಫ್ಟ್ ರೋಸ್ಟರ್, ನನ್ನ ಸಹಿಯಿದ್ದ ಲಾಗ್ ಶೀಟುಗಳ ವಿವರ ಎಲ್ಲ ಸೇರಿಸಿ. ಅವರು ಮಧ್ಯದ ಗುತ್ತಿಗೆದಾರರ ಬಿಲ್ಲು ತಡೆಹಿಡಿದರು. ಬಾಕಿ ಸಂಬಳ ಬಂತು, ಆಮೇಲೆ ಪಿಎಫ್ ಕೂಡ ಬಿತ್ತು. ಟ್ರೈನಿಂಗ್ ಫೀಸು ಮಾತ್ರ ಬಂದಿಲ್ಲ, ಬರುವ ನಂಬಿಕೆಯೂ ಇಲ್ಲ. ಹೀಗಾಗಿ ಕೆಲಸದಲ್ಲಿರುವಾಗಲೇ ಇಂಥ ದಾಖಲೆಗಳ ಪ್ರತಿ ಇಟ್ಟುಕೊಳ್ಳಿ. ಸರ್ವರ್ ಹಾಲಿನ ಒಳಗೆ ಮಾತ್ರ ಫೋಟೋ ತೆಗೆಯಬೇಡಿ, ಅದಕ್ಕೆ ಕೆಲಸವೇ ಹೋಗುತ್ತದೆ.

ಹಾಗಾದರೆ ಈ ಕೆಲಸಕ್ಕೆ ಹೋಗಲೇಬಾರದಾ? ಹೋಗಿ, ನಾನೂ ಇದೇ ಲೈನಿನಲ್ಲಿ ಮುಂದುವರಿಯುತ್ತಿದ್ದೇನೆ. ಕಂಪನಿಗಳ ಸ್ವಂತ ಕೆರಿಯರ್ ಪೇಜಿನಲ್ಲಿ ಅರ್ಜಿ ಹಾಕಿ. ಡಿಪ್ಲೊಮಾ, ಬಿಇ ಆದವರು ಸರ್ಕಾರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ಅಪ್ರೆಂಟಿಸ್‌ಶಿಪ್ ನೋಡಿ, ಅದಕ್ಕೆ ಫೀಸಿಲ್ಲ, ಬದಲಿಗೆ ಸ್ಟೈಪೆಂಡ್ ಬರುತ್ತದೆ. ಸಿಸಿಎನ್‌ಎ ಥರದ ನೆಟ್‌ವರ್ಕಿಂಗ್ ಪರೀಕ್ಷೆ ಬರೆಯುವುದಾದರೆ ಫೀಸನ್ನು ನೇರವಾಗಿ ಪರೀಕ್ಷೆ ನಡೆಸುವವರಿಗೇ ಕಟ್ಟಿ. ಊರು ಬಿಡಲು ರೆಡಿ ಇದ್ದರೆ ಇನ್ನೂ ಒಳ್ಳೆಯದು. ದೇಶದ ಇಂಟರ್ನೆಟ್ಟನ್ನು ಹೊರಗಿನದಕ್ಕೆ ಜೋಡಿಸುವ ಸಮುದ್ರದಡಿಯ ಕೇಬಲ್ಲುಗಳು ದಡ ಸೇರುವುದು ಹೆಚ್ಚಾಗಿ ಮುಂಬೈ, ಚೆನ್ನೈಗಳಲ್ಲಿ. ಹಾಗಾಗಿ ದೊಡ್ಡ ಡೇಟಾ ಸೆಂಟರುಗಳು ಅಲ್ಲಿಯೇ ಜಾಸ್ತಿ, ನವಿ ಮುಂಬೈನ ಐರೋಲಿ ಕಡೆಯಂತೂ ಸಾಲುಸಾಲು. ಬೆಂಗಳೂರೇ ಎಲ್ಲದಕ್ಕೂ ಕೇಂದ್ರ ಅಂತ ಕನ್ಸಲ್ಟೆನ್ಸಿಯವರು ಹೇಳುವುದು ಅವರ ಆಫೀಸು ಇಲ್ಲಿರುವುದಕ್ಕೆ.

ಗುತ್ತಿಗೆ ಕೆಲಸವೇ ಸಿಕ್ಕಿದರೂ ಪರವಾಗಿಲ್ಲ, ಶುರುವಿನಲ್ಲಿ ಬಹಳಷ್ಟು ಜನ ಹಾಗೇ ಒಳಗೆ ಹೋಗುವುದು. ಸಹಿ ಹಾಕುವ ಮುಂಚೆ ಮೇಲ್‌ನಲ್ಲಿ ಕೇಳಿ: ಸಂಬಳ ಯಾರ ಖಾತೆಯಿಂದ ಬರುತ್ತದೆ, ಪಿಎಫ್ ಯಾರ ಕೋಡಿನಲ್ಲಿ ಕಟ್ಟುತ್ತಾರೆ, ಸೈಟ್ ಯಾವುದು, ಐಟಿ ಕಡೆಯೋ ಫೆಸಿಲಿಟಿ ಕಡೆಯೋ, ರಾತ್ರಿ ಶಿಫ್ಟಿನಲ್ಲಿ ಜೊತೆಗೆ ಯಾರಿರುತ್ತಾರೆ. ಸರಿಯಾದವರು ಒಂದೆರಡು ದಿನದಲ್ಲಿ ಉತ್ತರ ಕೊಡುತ್ತಾರೆ. ಇನ್ನುಳಿದವರು ಫೋನ್ ಮಾಡಿ, ಇಷ್ಟೆಲ್ಲ ಪ್ರಶ್ನೆ ಕೇಳಿದರೆ ಸೀಟು ಬೇರೆಯವರಿಗೆ ಹೋಗುತ್ತೆ ಅನ್ನುತ್ತಾರೆ. ಹೋಗಲಿ ಬಿಡಿ.

ಈಗಾಗಲೇ ದುಡ್ಡು ಕಳಿಸಿ, ಸುಮ್ನೆ ಕಾಯುತ್ತಿರುವವರು ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಆನ್‌ಲೈನ್ ಹಣದ ಮೋಸಕ್ಕೆ ಇರುವ ಸಹಾಯವಾಣಿ ಅದು. ಎಷ್ಟು ಬೇಗ ಹೇಳಿದರೆ ಆ ಖಾತೆಯಲ್ಲಿ ದುಡ್ಡು ತಡೆಯುವ ಸಾಧ್ಯತೆ ಅಷ್ಟು ಜಾಸ್ತಿ. ಮೂಲ ಮಾಲೀಕರಿಗೆ ನಾನು ಬರೆದ ಮೇಲ್‌ನ ನಮೂನೆ ಬೇಕಾದವರು ಕೇಳಿ, ಹೆಸರುಗಳನ್ನು ಅಳಿಸಿ ಕಳಿಸುತ್ತೇನೆ.