ಗಾಜಿಗೆ ಬಣ್ಣ: ಸೆರಾಮಿಕ್ ಫ್ರಿಟ್ಟಾ, ಲ್ಯಾಕರ್ರಾ?

ಬಿಸಿಲು ಮಳೆಗೆ ನಿಲ್ಲುವ ಗಾಜಾದರೆ ಜಾಸ್ತಿ ಯೋಚನೆ ಬೇಡ, ಸೆರಾಮಿಕ್ ಫ್ರಿಟ್ ಹಾಕಿಸಿ. ನುಣ್ಣಗೆ ಪುಡಿ ಮಾಡಿದ ಗಾಜಿಗೆ ಪಿಗ್ಮೆಂಟ್ (ಬಣ್ಣದ ಪುಡಿ) ಬೆರೆಸಿದ ಬಣ್ಣ ಇದು. ಗಾಜನ್ನು ಕಾಯಿಸಿ ಗಟ್ಟಿಮಾಡುವ ಟೆಂಪರಿಂಗ್ ಕುಲುಮೆಯಲ್ಲಿ 600 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಕರಗಿ ಗಾಜಿಗೇ ಬೆಸೆದುಕೊಳ್ಳುತ್ತದೆ, ಆಮೇಲೆ ಉಗುರಿನಲ್ಲಿ ಎಷ್ಟು ಕೆರೆದರೂ ಏಳುವುದಿಲ್ಲ. ಕಾರಿನ ಮುಂದಿನ ಗಾಜಿನ ಅಂಚಲ್ಲಿ ಕಪ್ಪು ಪಟ್ಟಿ, ಚುಕ್ಕಿಗಳು ಇರುತ್ತವೆ ಅಲ್ವಾ? ಅದೇ ಇದು. ಗಾಜನ್ನು ಕಾರಿಗೆ ಹಿಡಿದಿಡುವ, ಕೆಳಗಿರುವ ಅಂಟನ್ನು ಬಿಸಿಲಿನಿಂದ ಕಾಯುವುದೂ ಅದರ ಕೆಲಸ.

ಆದರೆ ಬಣ್ಣಗಳು ಕಡಿಮೆ. ಅಷ್ಟು ಬಿಸಿ ತಾಳುವ ಪಿಗ್ಮೆಂಟ್‌ಗಳೇ ಕೆಲವು. ಟೆಂಪರ್ ಆದ ಮೇಲೆ ಕತ್ತರಿಸಲೂ ಆಗುವುದಿಲ್ಲ, ಅಳತೆ ಮೊದಲೇ ಪಕ್ಕಾ ಇರಲಿ.

ಲ್ಯಾಕರ್‌ನಲ್ಲಿ ಅಂದರೆ ಗಾಜಿನ ಹಿಂಬದಿಗೆ ಬಳಿಯುವ ಪೇಂಟ್‌ನಲ್ಲಿ ಬೇಕಾದ ಬಣ್ಣ ಸಿಗುತ್ತದೆ, ಒಳಗೋಡೆಗೆ ನನಗೂ ಅದೇ ಇಷ್ಟ. ಹೊರಗೆ ಮಾತ್ರ ದಯವಿಟ್ಟು ಬೇಡ. ಅಂಚಿನಿಂದ ನೀರು ನುಸುಳಿದರೆ ಪದರ ಎದ್ದುಬರುತ್ತದೆ.